ಹಳೇ ಪಿಕಪ್‌ನ ಚೇಂಬರ್ ಪ್ಯಾಕಿಂಗ್: ಸೋರಿಕೆ ಮತ್ತೆ ಮರುಕಳಿಸದ ಹಾಗೆ ಬದಲಾಯಿಸುವುದು

ರಾತ್ರಿ ನಿಲ್ಲಿಸಿದ ಪಿಕಪ್ಪಿನ ಅಡಿ ಬೆಳಗಾಗುವಷ್ಟರಲ್ಲಿ ಅಂಗೈಯಗಲ ಎಣ್ಣೆ ಕಲೆ ಬಿದ್ದಿದ್ದರೆ ‘ಚೇಂಬರ್ ಪ್ಯಾಕಿಂಗ್ ಹೋಯ್ತು’ ಎಂಬ ತೀರ್ಪು ಗಾಡಿಯಡಿ ಬಗ್ಗಿ ನೋಡುವ ಮೊದಲೇ ಬಂದುಬಿಡುತ್ತದೆ. ಇಂಜಿನ್ನಿನ ತಳಕ್ಕೆ ಬೋಲ್ಟ್ ಹಾಕಿ ಬಿಗಿದ ತಗಡಿನ ಆಯಿಲ್ ಪ್ಯಾನೇ ಚೇಂಬರ್. ಅದಕ್ಕೂ ಇಂಜಿನ್ನಿನ ಮುಖ್ಯ ಮೈಯಾದ ಬ್ಲಾಕಿಗೂ ನಡುವೆ ಕೂರುವುದು ಪ್ಯಾಕಿಂಗ್. ಬದಲಾಯಿಸುವುದು ಕಷ್ಟದ ಕೆಲಸವಲ್ಲ. ಆದರೂ ಹೊಸ ಪ್ಯಾಕಿಂಗ್ ಹಾಕಿದ ಗಾಡಿ ಎರಡೇ ತಿಂಗಳಲ್ಲಿ ಮತ್ತೆ ಸೋರುತ್ತದಲ್ಲ, ಅದರ ಕಾರಣ ಹೆಚ್ಚಿನ ಸಲ ಪ್ಯಾಕಿಂಗಿನಲ್ಲಿ ಇರುವುದಿಲ್ಲ. ಚೇಂಬರಿನ ಅಂಚು ಡೊಂಕಾಗಿರುತ್ತದೆ, ಬೋಲ್ಟ್ ಅತಿಯಾಗಿ ಬಿಗಿದಿರುತ್ತದೆ, ಇಲ್ಲವೇ ಇಂಜಿನ್ನಿನ ಉಸಿರು ಕಟ್ಟಿರುತ್ತದೆ.

ಇಲ್ಲಿ ಹೇಳುವುದು ಹಿಂದಿನ ಚಕ್ರ ಓಡಿಸುವ, ಇಂಜಿನ್ ಉದ್ದಕ್ಕೆ ಕೂತಿರುವ ಹಳೇ ಡೀಸೆಲ್ ಪಿಕಪ್‌ಗಳಿಗೆ, ಅಂದರೆ 2523 ಸಿಸಿ ಡಿಐ ಇಂಜಿನ್ನಿನ ಬೊಲೆರೊ ಪಿಕಪ್, 2956 ಸಿಸಿಯ ಟಾಟಾ 207 ಡಿಐ, ಇಂಥವಕ್ಕೆ ಹೊಂದುತ್ತದೆ. ಬೋಲ್ಟಿನ ಸಂಖ್ಯೆ, ಕ್ರಾಸ್ ಮೆಂಬರಿನ (ಚಾಸಿಯ ಅಡ್ಡಪಟ್ಟಿಯ) ಜಾಗ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಸೋರುತ್ತಿರುವುದು ಚೇಂಬರೇ ಹೌದೋ?

ಎಣ್ಣೆ ಮೇಲಿನಿಂದ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಟ್ಯಾಪೆಟ್ ಕವರ್, ಟೈಮಿಂಗ್ ಕವರ್, ಆಯಿಲ್ ಫಿಲ್ಟರಿನ ಬುಡ, ಆಯಿಲ್ ಪ್ರೆಷರ್ ಸ್ವಿಚ್ ಎಲ್ಲಿ ಸೋರಿದರೂ ಕೊನೆಗೆ ತೊಟ್ಟಿಕ್ಕುವುದು ಚೇಂಬರಿನ ಅಂಚಿನಿಂದಲೇ. ಹಾಗಾಗಿ ಮೊದಲು ಇಂಜಿನ್ನಿನ ಕೆಳಭಾಗವನ್ನು ಡೀಗ್ರೀಸರ್ ಅಥವಾ ಸೀಮೆಎಣ್ಣೆ ಹಚ್ಚಿ ಬ್ರಷ್‌ನಿಂದ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ. ಆಮೇಲೆ ಚೇಂಬರಿನ ಅಂಚಿನ ಸುತ್ತ, ಅದರ ಮೇಲಿನ ಬ್ಲಾಕಿಗೂ ಸೇರಿಸಿ, ಟಾಲ್ಕಂ ಪೌಡರ್ ಉದುರಿಸಿ 20-30 ಕಿಲೋಮೀಟರ್ ಓಡಿಸಿ. ಪುಡಿ ಎಲ್ಲಿ ಮೊದಲು ಒದ್ದೆಯಾಗಿದೆಯೋ ಸೋರಿಕೆ ಅಲ್ಲಿ. ಜೋಡಣೆಯ ಗೆರೆಗಿಂತ ಮೇಲೆ ಒದ್ದೆಯಿದ್ದರೆ ಚೇಂಬರ್ ಮುಟ್ಟುವುದೇ ಬೇಡ.

ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯಬಾರದೆಂದು ಚಾಸಿಗೆ ಹಳೇ ಆಯಿಲ್ ಸಿಂಪಡಿಸುವವರು ಇದ್ದಾರೆ. ಅಂಥ ಗಾಡಿಯಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಎಲ್ಲೆಲ್ಲೂ ಎಣ್ಣೆಯೇ. ಅದಲ್ಲದೆ ಆ ಆಯಿಲ್ ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳುಮಾಡುತ್ತದೆ. ತೊಳೆಯುವ ಕೆಲಸ ಆಗ ದುಪ್ಪಟ್ಟು.

ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ, ಬೆಲ್ ಹೌಸಿಂಗಿನ ಅಡಿಯ ಸಣ್ಣ ತೂತಿನಿಂದ ಎಣ್ಣೆ ಇಳಿಯುತ್ತಿದ್ದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಮೇಲೆ ಅನುಮಾನ ಪಡಿ. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಅದೇ ಬೇರೆ ಕೆಲಸ. ಎಣ್ಣೆ ಹಳದಿ-ಕಂದು, ಗಂಧಕದಂಥ ಕಟು ವಾಸನೆ ಇದ್ದರೆ ಅದು ಗೇರ್ ಆಯಿಲ್. ದೇವಿಮನೆ ಘಟ್ಟ, ಅರಬೈಲ್ ಘಟ್ಟ ಹತ್ತಿದ ದಿನ ಮಾತ್ರ ಸೋರಿಕೆ ಜಾಸ್ತಿ ಎನ್ನುವವರು ಚೇಂಬರಿನ ಹಿಂದಿನ ಅಂಚನ್ನು ವಿಶೇಷವಾಗಿ ನೋಡಬೇಕು. ಏರಿನಲ್ಲಿ ಆಯಿಲ್ ಹಿಂದಕ್ಕೆ ಸರಿದು ಆ ಭಾಗ ಮುಳುಗುತ್ತದೆ, ಲೋಡ್ ಎಳೆಯುವ ಇಂಜಿನ್ನಿನ ಒಳಗೆ ಒತ್ತಡವೂ ಆಗಲೇ ಹೆಚ್ಚು.

ಆ ಒತ್ತಡದ ವಿಷಯ ಈಗಲೇ ನೋಡಿಬಿಡಿ. ಪಿಸ್ಟನ್ ರಿಂಗ್ ಸವೆದ ಇಂಜಿನ್ನಿನಲ್ಲಿ ಸಿಲಿಂಡರಿನ ಹೊಗೆ ಕೆಳಗೆ ನುಗ್ಗುತ್ತದೆ. ಅದು ಹೊರಹೋಗಲು ಇರುವ ದಾರಿ ಬ್ರೀದರ್ ಪೈಪ್. ಪೈಪಿನಲ್ಲಿ ಜಿಡ್ಡು ಕಟ್ಟಿದರೆ, ಮಡಚಿಕೊಂಡರೆ, ಕಣಜದ ಹುಳು ಮಣ್ಣಿನ ಗೂಡು ಕಟ್ಟಿದರೆ (ತಿಂಗಳುಗಟ್ಟಲೆ ತೋಟದಲ್ಲಿ ನಿಂತ ಗಾಡಿಗಳಲ್ಲಿ ಇದು ಆಗುತ್ತದೆ) ಒತ್ತಡ ಪ್ಯಾಕಿಂಗನ್ನೇ ದಾರಿ ಮಾಡಿಕೊಳ್ಳುತ್ತದೆ. ಇಂಜಿನ್ ಬಿಸಿಯಾದ ಮೇಲೆ ನಿಧಾನ ಓಟದಲ್ಲಿ ಬಿಟ್ಟು ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ ಹಾಗೇ ಬಾಯಿಯ ಮೇಲೆ ಇಡಿ. ಸ್ವಲ್ಪ ನಡುಗಿದರೆ ಸಹಜ. ಕುಣಿದು ಹಾರಿಬಿದ್ದು ಹೊಗೆ ಬುಸುಗುಟ್ಟಿದರೆ ಮೊದಲು ಬ್ರೀದರ್ ಪೈಪ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಊದಿ ನೋಡಿ. ಪೈಪ್ ಚೊಕ್ಕಟವಿದ್ದೂ ಹಾರುತ್ತಿದ್ದರೆ ಇಂಜಿನ್ನೇ ಕೆಲಸ ಕೇಳುತ್ತಿದೆ. ಅಲ್ಲಿ ಯಾವ ಪ್ಯಾಕಿಂಗೂ ಬಾಳುವುದಿಲ್ಲ.

ತಂದಿಟ್ಟುಕೊಳ್ಳಬೇಕಾದ್ದು

ಪ್ಯಾಕಿಂಗ್ ಮೂರು ಬಗೆ ಸಿಗುತ್ತದೆ: ಬರೀ ಕಾರ್ಕ್, ರಬ್ಬರ್ ಬೆರೆಸಿದ ಕಾರ್ಕ್, ಮತ್ತು ಬೋಲ್ಟ್ ತೂತಿನಲ್ಲಿ ಸ್ಟೀಲ್ ಬುಷ್ ಇರುವ ಅಚ್ಚಿನ ರಬ್ಬರ್. ನಿಮ್ಮ ಇಂಜಿನ್ನಿಗೆ ಮೂರನೆಯದು ಸಿಕ್ಕರೆ ಚೌಕಾಸಿ ಮಾಡದೆ ಅದನ್ನೇ ತನ್ನಿ. ಬುಷ್ ಇರುವುದರಿಂದ ಅತಿಯಾಗಿ ಬಿಗಿದರೂ ರಬ್ಬರ್ ಜಜ್ಜಿಹೋಗುವುದಿಲ್ಲ. ಇಲ್ಲದಿದ್ದರೆ ರಬ್ಬರ್ ಕಾರ್ಕ್. ಬರೀ ಕಾರ್ಕ್ ಅಗ್ಗ, ಆದರೆ ಹವೆಗೆ ತಕ್ಕಂತೆ ಕುಗ್ಗುತ್ತದೆ, ಹಿಗ್ಗುತ್ತದೆ. ಬೇಸಿಗೆಯಲ್ಲಿ ಅಂಗಡಿಯ ಮೊಳೆಗೆ ತೂಗಿ ಒಣಗಿದ ಕಾರ್ಕಿನ ತೂತುಗಳು ಚೇಂಬರಿನ ತೂತಿಗೆ ಕೂಡುವುದಿಲ್ಲ. ಅಂಥದ್ದನ್ನು ಎಳೆದು ಹೊಂದಿಸಬೇಡಿ, ಹರಿಯುತ್ತದೆ. ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಹಲಗೆಯ ಮೇಲೆ ಚಪ್ಪಟೆಯಾಗಿ ಹರವಿ, ಹಸಿ ಆರಿದ ಮೇಲೆ ಅಳತೆ ನೋಡಿ. ಅಂಗಡಿಗೆ ಹೋಗುವಾಗ ಇಂಜಿನ್ ನಂಬರಿನ ಫೋಟೊ ಇರಲಿ. ಒಂದೇ ಹೆಸರಿನ ಗಾಡಿಯಲ್ಲೂ ವರ್ಷದಿಂದ ವರ್ಷಕ್ಕೆ ಇಂಜಿನ್ ಬದಲಾಗಿದೆ.

ಇದರ ಜೊತೆಗೆ ಆಯಿಲ್ ಫಿಲ್ಟರ್, ಡ್ರೈನ್ ನಟ್ಟಿನ ತಾಮ್ರದ ವಾಷರ್, ಆಯಿಲ್ ತಡೆಯುವ ಆರ್‌ಟಿವಿ ಸಿಲಿಕಾನ್‌ನ ಒಂದು ಟ್ಯೂಬ್ (ಗ್ಯಾರೇಜಿನಲ್ಲಿ ಅನಾಬಾಂಡ್ ಅಂದರೆ ಸಾಕು), ಬ್ರೇಕ್ ಕ್ಲೀನರ್ ಅಥವಾ ಥಿನ್ನರ್, ನೂಲು ಬಿಡದ ಬಟ್ಟೆ, ಪ್ಲಾಸ್ಟಿಕ್ ಕೆರೆಯುವ ಪಟ್ಟಿ, ಮತ್ತು 15ಡಬ್ಲ್ಯು-40 ಸಿಐ-4 ಪ್ಲಸ್ ಆಯಿಲ್. ಈ ಗಾತ್ರದ ಇಂಜಿನ್ನುಗಳಿಗೆ ಫಿಲ್ಟರ್ ಸೇರಿ ಸುಮಾರು 6 ಲೀಟರ್ ಆಸುಪಾಸು ಬೇಕಾಗುತ್ತದೆ. 7.5 ಲೀಟರಿನ ಕ್ಯಾನ್ ತಂದರೆ ಮೇಲಿಂದ ತುಂಬಲಿಕ್ಕೂ ಉಳಿಯುತ್ತದೆ. ಬೈತಖೋಲ್, ತದಡಿ ಬಂದರುಗಳ ಕಡೆ ಮೀನು ಸಾಗಿಸುವ ಗಾಡಿಯಾಗಿದ್ದರೆ ಚೇಂಬರಿನ ಹೊಸ ಬೋಲ್ಟ್ ಒಂದು ಸೆಟ್ ತೆಗೆದುಕೊಳ್ಳದೆ ಕೆಲಸಕ್ಕೆ ಇಳಿಯಬೇಡಿ. ಐಸ್ ಕರಗಿದ ಉಪ್ಪುನೀರು ತಿಂದ ಬೋಲ್ಟಿನ ತಲೆ ಸ್ಪ್ಯಾನರಿಗೆ ಸಿಗದ ಹಾಗೆ ಸವೆದಿರುತ್ತದೆ.

ಗಾಡಿ ಎತ್ತುವುದು

ಚಿರೆಕಲ್ಲಿನ ಮೇಲೆ ಗಾಡಿ ಕೂರಿಸಿ ಅಡಿಗೆ ಹೋಗಬೇಡಿ. ನಮ್ಮ ಕಡೆ ಕೈಗೆ ಸುಲಭವಾಗಿ ಸಿಗುವ ಆಧಾರ ಅದೇ ಇರಬಹುದು, ಆದರೆ ನೆನೆದ ಚಿರೆಕಲ್ಲು ಮೆತ್ತಗಾಗುತ್ತದೆ, ಒಂದೇ ಕಡೆ ಭಾರ ಬಿದ್ದಾಗ ಮುನ್ಸೂಚನೆ ಇಲ್ಲದೆ ಒಡೆಯುತ್ತದೆ. ಕಬ್ಬಿಣದ ಜ್ಯಾಕ್ ಸ್ಟ್ಯಾಂಡ್ ಎರಡು ಬೇಕೇ ಬೇಕು. ಅಂಗಳ ಮಣ್ಣಿನದಾದರೆ ಸ್ಟ್ಯಾಂಡಿನ ಅಡಿ 2 ಇಂಚು ದಪ್ಪದ ಹಲಗೆ ಇಡಿ.

ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂಭಾಗ ಎತ್ತಿ. ಸ್ಟ್ಯಾಂಡನ್ನು ಆಕ್ಸಲ್ಲಿಗಲ್ಲ, ಚಾಸಿಯ ಉದ್ದ ಪಟ್ಟಿಗೆ ಕೊಡಿ. ಆಗ ಆಕ್ಸಲ್ ತನ್ನ ಭಾರಕ್ಕೆ ಕೆಳಗೆ ಜೋತು ಚೇಂಬರ್ ಇಳಿಯಲು ಜಾಗ ಸಿಗುತ್ತದೆ. ಆಯಿಲ್ ಬಸಿಯಲು ಇಂಜಿನ್ ಓಡಿಸಿ ನಿಲ್ಲಿಸಿದ ಮೇಲೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಸ್ಟಾರ್ಟರಿನ ದಪ್ಪ ತಂತಿ ಕೆಲಸದ ಜಾಗಕ್ಕೆ ಹತ್ತಿರವೇ ಇರುತ್ತದೆ, ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ.

ಚೇಂಬರ್ ಇಳಿಸುವುದು

ಹಿಂದಿನ ರಾತ್ರಿಯೇ ಎಲ್ಲ ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿರಿ. ಬೆಳಿಗ್ಗೆ ಇಂಜಿನ್ 5 ನಿಮಿಷ ಓಡಿಸಿ ಉಗುರುಬೆಚ್ಚಗಾದಾಗ ಆಯಿಲ್ ಬಸಿಯಿರಿ, ಅರ್ಧ ಗಂಟೆ ಬಿಡಿ, ಫಿಲ್ಟರನ್ನೂ ತೆಗೆಯಿರಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣದಲ್ಲಿ ಬಂದರೆ ಒಳಗೆ ನೀರು ಸೇರಿದೆ. ಹೆಡ್ ಪ್ಯಾಕಿಂಗ್ ಹೋಗಿರಬಹುದು, ತುಂಬಿದ ಹಳ್ಳ ದಾಟುವಾಗ ಡಿಪ್‌ಸ್ಟಿಕ್ ಅಥವಾ ಬ್ರೀದರ್ ಮೂಲಕ ನುಗ್ಗಿರಬಹುದು. ಅದರ ಕಾರಣ ತಿಳಿಯುವ ತನಕ ಮುಂದಕ್ಕೆ ಹೋಗಬೇಡಿ.

ಬೆಲ್ ಹೌಸಿಂಗಿನ ಅಡಿಯ ತಗಡಿನ ಮುಚ್ಚಳ ಇದ್ದರೆ ಬಿಚ್ಚಿ, ಹಿಂದಿನ ಎರಡು-ಮೂರು ಬೋಲ್ಟ್ ಅದರ ಹಿಂದೆ ಅಡಗಿರುತ್ತವೆ. ಎಲ್ಲ ಬೋಲ್ಟ್ ಬಿಟ್ಟರೂ ಚೇಂಬರ್ ಬರುತ್ತಿಲ್ಲ ಅಂದರೆ ಇನ್ನೊಂದು ಬೋಲ್ಟ್ ಜಿಡ್ಡಿನಡಿ ಉಳಿದಿದೆ ಎಂದೇ ತಿಳಿಯಿರಿ. ತುಕ್ಕು ಹಿಡಿದ ಬೋಲ್ಟನ್ನು ಒಂದೇ ಸಮನೆ ಬಿಚ್ಚಲು ಹೋದರೆ 6 ಎಂಎಂನದು ಟಕ್ಕನೆ ಮುರಿಯುತ್ತದೆ. ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ವಾಪಸ್ ಬಿಗಿದು, ಮತ್ತೆ ಬಿಚ್ಚಿ, ಹೀಗೆ ಆಡಿಸುತ್ತ ತೆಗೆಯಬೇಕು. ನಾಲ್ಕು ಮೂಲೆಯ ಬೋಲ್ಟುಗಳನ್ನು ಕೊನೆಗೆ ಎರಡು-ಮೂರು ಹರಳು (ತಿರುಪಿನ ಸುತ್ತು) ಉಳಿಸಿಕೊಂಡು ಸಡಿಲವಾಗಿ ಬಿಡಿ. ಅಂಟಿಕೊಂಡ ಚೇಂಬರ್ ಒಮ್ಮೆಲೇ ಕಳಚಿ ಮುಖದ ಮೇಲೆ ಬೀಳುವುದು ಹಾಗೆ ತಪ್ಪುತ್ತದೆ.

ಅಂಟು ಬಿಡಿಸಲು ಚೇಂಬರಿನ ಬದಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಸ್ಕ್ರೂ ಡ್ರೈವರ್ ತುರುಕಿ ಮೀಟುವ ಚಾಳಿಯಿಂದಲೇ ಅರ್ಧ ಸೋರಿಕೆಗಳು ಹುಟ್ಟುವುದು. ಮೀಟಿದ ಕಡೆ ತಗಡು ಬಾಗುತ್ತದೆ, ಟೈಮಿಂಗ್ ಕವರ್ ಅಲ್ಯೂಮಿನಿಯಂ ಆಗಿದ್ದರೆ ಗಾಯವೇ ಆಗುತ್ತದೆ. ತೆಳ್ಳಗಿನ ಪೇಂಟರ್ ಪಟ್ಟಿಯನ್ನು ಮೂಲೆಯಿಂದ ಒಳಗೆ ತಟ್ಟುತ್ತ ಸಾಗಿಸಿ.

ಕಳಚಿದ ಮೇಲೂ ಚೇಂಬರ್ ಹೊರಬರದೆ ಸಿಕ್ಕಿಕೊಳ್ಳುವುದು ಮೂರು ಕಡೆ. ಕ್ರ್ಯಾಂಕಿನ ತೂಕದ ಭಾಗ ಕೆಳಗೆ ತಿರುಗಿದ್ದರೆ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು, ಇಂಜಿನ್ ತಿರುಗುವ ದಿಕ್ಕಿಗೇ ಕೈಯಿಂದ ಸ್ವಲ್ಪ ತಿರುಗಿಸಿ. ಆಯಿಲ್ ಪಂಪಿನ ಸ್ಟ್ರೇನರ್ (ಎಣ್ಣೆ ಹೀರುವ ಬಾಯಿಯ ಜಾಳಿಗೆ) ಚೇಂಬರಿನ ತಡೆಪಟ್ಟಿಗೆ ಸಿಕ್ಕಿದ್ದರೆ ಎಳೆಯಬೇಡಿ, ಓರೆ ಮಾಡಿ ಬಿಡಿಸಿ. ಕ್ರಾಸ್ ಮೆಂಬರ್ ಅಡ್ಡ ಬಂದರೆ ಇಂಜಿನ್ ಮೌಂಟಿಂಗಿನ ನಟ್ ಬಿಚ್ಚಿ ಇಂಜಿನ್ನನ್ನು ಒಂದೆರಡು ಇಂಚು ಎತ್ತಬೇಕಾಗುತ್ತದೆ. ಬ್ಲಾಕಿನ ಗಟ್ಟಿ ಜಾಗಕ್ಕೆ ಮರದ ತುಂಡು ಕೊಟ್ಟು ಇಂಚಿಂಚಾಗಿ ಎತ್ತಿ. ಒಬ್ಬರು ಮೇಲೆ ನಿಂತು ಫ್ಯಾನ್ ರೇಡಿಯೇಟರಿಗೆ ತಾಗುತ್ತದೆಯೇ, ಹೋಸ್ ಎಳೆಯುತ್ತಿದೆಯೇ, ಸೈಲೆನ್ಸರ್ ಪೈಪ್ ಬಿಗಿಯುತ್ತಿದೆಯೇ ನೋಡುತ್ತಿರಬೇಕು. ಎತ್ತಿದ ಇಂಜಿನ್ನಿಗೆ ಮೌಂಟಿಂಗಿನ ಜಾಗದಲ್ಲಿ ಗಟ್ಟಿಮರದ ತುಂಡು ಸೇರಿಸಿ. ಬರೀ ಜ್ಯಾಕಿನ ಮೇಲೆ ನಿಂತ ಇಂಜಿನ್ನಿನ ಅಡಿ ಕೈ ಹಾಕಬಾರದು.

ತಳದಲ್ಲಿ ಉಳಿದ ಎಣ್ಣೆಯನ್ನು ಬಿಳಿ ತಟ್ಟೆಗೆ ಸುರಿದು ಬಿಸಿಲಿಗೆ ಹಿಡಿದು ನೋಡಿ. ಕಪ್ಪು ಜಿಡ್ಡು ಸಹಜ. ತಾಮ್ರ ಅಥವಾ ಬೆಳ್ಳಿಯ ಬಣ್ಣದ ಮಿಂಚು ತೇಲಿದರೆ ಬೇರಿಂಗ್ ಸವೆಯುತ್ತಿದೆ. ಚೇಂಬರ್ ಹೇಗೂ ಬಿಚ್ಚಿದೆ, ಬಿಗ್ ಎಂಡ್ ಕ್ಯಾಪ್ (ಕನೆಕ್ಟಿಂಗ್ ರಾಡಿನ ಬೇರಿಂಗ್ ಮುಚ್ಚಳ) ತೆಗೆಸಿ ನೋಡಿಸಲು ಇದೇ ಹೊತ್ತು. ಸ್ಟ್ರೇನರಿನ ಜಾಳಿಗೆಯಲ್ಲಿ ಹಳೇ ಸಿಲಿಕಾನ್ ಚೂರುಗಳು ಸಿಕ್ಕಿಕೊಂಡಿದ್ದರೆ ಒಂದೊಂದಾಗಿ ತೆಗೆಯಿರಿ.

ಅಂಚು: ದಿನದ ಅರ್ಧ ಹೊತ್ತು ಇಲ್ಲಿ ಕಳೆಯಲಿ

ಹಳೇ ಪ್ಯಾಕಿಂಗನ್ನು ಚೇಂಬರಿನಿಂದಲೂ ಬ್ಲಾಕಿನಿಂದಲೂ ಪೂರ್ತಿ ಕೆರೆದು ತೆಗೆಯಿರಿ. ಬ್ಲಾಕಿನ ಕಡೆ ಕೆರೆಯುವಾಗ ಚೂರು ಒಳಗೆ ಬೀಳದಂತೆ ಬಟ್ಟೆ ಅಡ್ಡ ಹಿಡಿಯಿರಿ. ಅಲ್ಲಿ ಎಮರಿ ಪೇಪರ್ ಬಳಸಬೇಡಿ, ಅದರ ಪುಡಿ ಬೇರಿಂಗಿಗೆ ವಿಷ. ಬೋಲ್ಟ್ ತೂತುಗಳ ಹರಳಿಗೆ ಗ್ರೀಸ್ ಹಚ್ಚಿದ ಟ್ಯಾಪನ್ನು (ಹರಳು ಕೊರೆಯುವ ಉಪಕರಣ) ಕೈಯಿಂದ ಓಡಿಸಿದರೆ ತುಕ್ಕಿನ ಪುಡಿ ಗ್ರೀಸಿಗೆ ಅಂಟಿ ಹೊರಬರುತ್ತದೆ.

ಚೇಂಬರನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಬೋರಲು ಮಾಡಿ ದಪ್ಪ ಗಾಜು ಅಥವಾ ಗ್ರಾನೈಟ್ ಕಟ್ಟೆಯ ಮೇಲಿಡಿ. ಅಂಚು ಎಲ್ಲೆಲ್ಲಿ ಎದ್ದಿದೆ ಕಾಣುತ್ತದೆ. 0.5 ಮಿಲಿಮೀಟರಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ನುಗ್ಗುವ ಜಾಗವೆಲ್ಲ ಸರಿಪಡಿಸಲೇಬೇಕಾದ್ದು. ಮುಂದೆ-ಹಿಂದೆ ಕಮಾನಿನಂತೆ ಬಾಗಿರುವ ಚೇಂಬರ್ ಆದರೆ ಉದ್ದದ ನೇರ ಬದಿಗಳನ್ನು ಮಾತ್ರ ಹೀಗೆ ನೋಡಲಾದೀತು, ಅದಕ್ಕೆ ಸ್ಟೀಲ್ ಸ್ಕೇಲ್ ಸಾಕು.

ಹಿಂದೆ ಯಾರೋ ಬಲವಾಗಿ ಬಿಗಿದ ಬೋಲ್ಟ್ ತೂತಿನ ಸುತ್ತಲಿನ ತಗಡನ್ನು ಬ್ಲಾಕಿನ ಕಡೆಗೆ ಎಳೆದಿರುತ್ತದೆ. ಅಂದರೆ ಪ್ಯಾಕಿಂಗ್ ಕೂರುವ ಮುಖದಲ್ಲಿ ಪ್ರತಿ ತೂತೂ ಸಣ್ಣ ಗುಬುಟು. ಹೊಸ ಪ್ಯಾಕಿಂಗ್ ಆ ಗುಬುಟುಗಳ ಮೇಲೆ ಜಜ್ಜಿ, ಎರಡು ಬೋಲ್ಟುಗಳ ನಡುವೆ ಸಡಿಲ ಉಳಿಯುತ್ತದೆ. ಎಣ್ಣೆ ಬರುವುದು ಆ ನಡುವಿನಿಂದ. ಅದಕ್ಕೆ ಇನ್ನಷ್ಟು ಬಿಗಿದರೆ ಗುಬುಟು ದೊಡ್ಡದಾಗಿ ಸಂದು ಇನ್ನೂ ಅಗಲವಾಗುತ್ತದೆ. ಸರಿಪಡಿಸಲು ಅಂಚಿನ ಅಡಿಭಾಗವನ್ನು ಗಟ್ಟಿ ಮರದ ದಿಮ್ಮಿ ಅಥವಾ ಕಬ್ಬಿಣದ ತುಂಡಿನ ಮೇಲಿಟ್ಟು, ಪ್ಯಾಕಿಂಗ್ ಮುಖದ ಕಡೆಯಿಂದ ಸಣ್ಣ ಗುಂಡು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತ ಪ್ರತಿ ತೂತನ್ನೂ ಸಮ ಮಾಡಿ. ಕೂದಲೆಳೆಯಷ್ಟು ಒಳಗೆ ತಗ್ಗಿದರೂ ಚಿಂತೆಯಿಲ್ಲ, ಬಿಗಿದಾಗ ಸರಿಹೋಗುತ್ತದೆ. ಮತ್ತೆ ಗಾಜಿನ ಮೇಲಿಟ್ಟು ನೋಡಿ, ಮತ್ತೆ ತಟ್ಟಿ. ಎರಡು-ಮೂರು ಸುತ್ತು ಬೇಕಾಗುತ್ತದೆ.

ತೋಟದ ದಾರಿಯಲ್ಲಿ ಕಲ್ಲಿಗೆ ಬಡಿದು ತಳ ಒಳಗೆ ಜಜ್ಜಿದೆಯೇ? ನೋಟಕ್ಕೆ ಕೆಡುವುದಷ್ಟೇ ಅಲ್ಲ, ತಳ ಸ್ಟ್ರೇನರಿಗೆ ತೀರಾ ಹತ್ತಿರವಾದರೆ ಪಂಪಿಗೆ ಎಣ್ಣೆ ಎಟುಕುವುದಿಲ್ಲ. ಸ್ಟ್ರೇನರಿನ ಅಡಿಗೆ ಮಕ್ಕಳ ಆಟದ ಮೇಣದ ಉಂಡೆ ಅಂಟಿಸಿ, ಚೇಂಬರನ್ನು ಪ್ಯಾಕಿಂಗ್ ಸಮೇತ ನಾಲ್ಕು ಬೋಲ್ಟಿನಲ್ಲಿ ಹಾಗೇ ಕೂರಿಸಿ ತೆಗೆದರೆ ಉಳಿದ ಅಂತರ ಉಂಡೆಯ ದಪ್ಪದಲ್ಲಿ ಸಿಗುತ್ತದೆ. ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಒಳಗಿನಿಂದ ಮರದ ತುಂಡು ಕೊಟ್ಟು ತಟ್ಟಿ ಹೊರಡಿಸಿ. ಮೇಣವನ್ನು ಒಂದು ಚೂರೂ ಬಿಡದೆ ತೆಗೆಯಿರಿ.

ಕರಾವಳಿಯ ಗಾಡಿಗಳಲ್ಲಿ ಹೊರಗಿನ ತುಕ್ಕು ಕೆರೆದ ಮೇಲೆ ಕತ್ತಲೆಯಲ್ಲಿ ಚೇಂಬರಿನೊಳಗೆ ಟಾರ್ಚ್ ಇಟ್ಟು ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಆ ಚೇಂಬರ್ ಮುಗಿಯಿತು. ಎಂ-ಸೀಲ್ ಮೆತ್ತಿ ಓಡಿಸುವವರಿದ್ದಾರೆ. ಬಿಸಿಗೆ, ಕಂಪನಕ್ಕೆ ಅದು ಕಳಚಿದ ದಿನ ಇಂಜಿನ್ನೇ ಹೋಗುತ್ತದೆ. ಹೊಸ ಚೇಂಬರ್ ಹಾಕಿ. ಹಳೆಯದು ಗಟ್ಟಿಯಿದ್ದರೆ ಹೊರಮೈಗೆ ಮಾತ್ರ ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು ಎನಾಮೆಲ್ ಹಚ್ಚಿ ಒಣಗಿಸಿ. ಪ್ಯಾಕಿಂಗ್ ಕೂರುವ ಮುಖಕ್ಕೆ ಬಣ್ಣ ತಾಗಬಾರದು.

ಕೂರಿಸುವುದು

ಬ್ಲಾಕಿನಿಂದ ಎಣ್ಣೆ ಗಂಟೆಗಟ್ಟಲೆ ತೊಟ್ಟಿಕ್ಕುತ್ತಲೇ ಇರುತ್ತದೆ. ಆದ್ದರಿಂದ ಒಂದು ರಾತ್ರಿ ಬಸಿಯಲು ಬಿಡಿ. ಬೆಳಿಗ್ಗೆ ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಲ್ಲಿ ಎರಡೂ ಮುಖ ಒರೆಸಿ, ಬಿಳಿ ಬಟ್ಟೆಗೆ ಕಲೆ ಹತ್ತದ ತನಕ. ಮಳೆ ಹನಿಯುವ ಹೊತ್ತಿನಲ್ಲಿ ತಣ್ಣಗಿನ ಲೋಹದ ಮೇಲೆ ಕಾಣದ ತೇವ ಕೂತಿರುತ್ತದೆ, ಹೇರ್ ಡ್ರೈಯರ್ ಹಿಡಿದರೆ ಹೋಗುತ್ತದೆ.

ಸಿಲಿಕಾನನ್ನು ಪ್ಯಾಕಿಂಗಿನ ಎರಡೂ ಕಡೆ ಬಳಿಯುವುದು ನಮ್ಮಲ್ಲಿ ವಾಡಿಕೆ. ಬೇಡ. ಜಾರುವ ಸಿಲಿಕಾನ್ ಮೇಲೆ ಕೂತ ಪ್ಯಾಕಿಂಗ್ ಬೋಲ್ಟ್ ಬಿಗಿದಂತೆ ಹೊರಕ್ಕೆ ಜಾರುತ್ತದೆ, ಒಳಕ್ಕೆ ಉಬ್ಬಿದ ಹೆಚ್ಚುವರಿ ಸಿಲಿಕಾನ್ ಕಳಚಿ ಸ್ಟ್ರೇನರಿಗೆ ಹೋಗುತ್ತದೆ. ಅದು ಬೇಕಾಗುವುದು ಲೋಹದ ಎರಡು ಭಾಗ ಕೂಡುವ ಕಡೆ ಮಾತ್ರ: ಮುಂದೆ ಟೈಮಿಂಗ್ ಕವರ್ ಬ್ಲಾಕಿಗೆ ಸೇರುವ ಎರಡು ಮೂಲೆ, ಹಿಂದೆ ಆಯಿಲ್ ಸೀಲ್ ಹೌಸಿಂಗ್ ಅಥವಾ ಬೇರಿಂಗ್ ಕ್ಯಾಪ್ ಸೇರುವ ಎರಡು ಮೂಲೆ. ಅಲ್ಲಿ ಕಡಲೆಕಾಳಿನಷ್ಟು ಸಾಕು. ಪ್ಯಾಕಿಂಗೇ ಇಲ್ಲದೆ ಬರೀ ಸಿಲಿಕಾನ್ ಮೇಲೆ ಕೂರುವ ವಿನ್ಯಾಸವಾದರೆ 3 ಮಿಲಿಮೀಟರ್ ದಪ್ಪದ ಒಂದೇ ಅಖಂಡ ಗೆರೆ, ಬೋಲ್ಟ್ ತೂತುಗಳ ಒಳಬದಿಯಿಂದ ಸಾಗಬೇಕು.

ಆರ್‌ಟಿವಿ ಗಟ್ಟಿಯಾಗುವುದು ಗಾಳಿಯ ತೇವದಿಂದ. ಕಾರವಾರದ ಜೂನ್-ಜುಲೈ ಹವೆಯಲ್ಲಿ ಅದು ಬೇಗನೆ ಚರ್ಮ ಕಟ್ಟುತ್ತದೆ. ಹಚ್ಚಿ ಚಹಾ ಕುಡಿದು ಬಂದರೆ ಕೆಲಸ ಕೆಟ್ಟಿತು. ಐದು ನಿಮಿಷದೊಳಗೆ ಚೇಂಬರ್ ಕೂರಬೇಕು, ಆದ್ದರಿಂದ ಬೋಲ್ಟು, ವಾಷರ್, ಸಾಕೆಟ್ ಎಲ್ಲ ಮೊದಲೇ ಕೈಯಳತೆಯಲ್ಲಿರಲಿ. ಪ್ಯಾಕಿಂಗನ್ನು ಚೇಂಬರಿಗೆ ನಾಲ್ಕೈದು ಕಡೆ ತೆಳ್ಳಗಿನ ದಾರದಲ್ಲಿ ಬೋಲ್ಟ್ ತೂತಿನ ಮೂಲಕ ಕಟ್ಟಿಕೊಂಡರೆ ಎತ್ತುವಾಗ ಸರಿಯುವುದಿಲ್ಲ, ಆ ತೂತುಗಳ ಬೋಲ್ಟ್ ಹಿಡಿಸುವ ಮುನ್ನ ದಾರ ಕತ್ತರಿಸಿ ಎಳೆಯಿರಿ. ಇದಕ್ಕಿಂತ ಸುಲಭದ್ದು, ತಲೆ ಕೊಯ್ದ ಎರಡು ಉದ್ದ ಬೋಲ್ಟುಗಳನ್ನು ಎದುರುಬದುರು ಮೂಲೆಗೆ ತಿರುಗಿಸಿಟ್ಟು ಅವುಗಳ ಮೇಲೆ ಚೇಂಬರ್ ಏರಿಸುವುದು.

ಎಲ್ಲ ಬೋಲ್ಟುಗಳನ್ನು ಮೊದಲು ಬೆರಳಲ್ಲಿ ಹಿಡಿಸಿ. ಒಂದನ್ನೂ ಬಿಗಿಯದೆ ಎಲ್ಲವೂ ಹರಳಿಗೆ ಬಿದ್ದ ಮೇಲೆ ಮಧ್ಯದಿಂದ ಶುರುಮಾಡಿ, ಎಡಕ್ಕೊಂದು ಬಲಕ್ಕೊಂದು ಎಂದು ಎರಡೂ ತುದಿಗಳತ್ತ ಸಾಗಿ. ಮೂರು ಸುತ್ತಿನಲ್ಲಿ ಬಿಗಿಯಿರಿ. 10 ನಂಬರ್ ಸ್ಪ್ಯಾನರಿನ 6 ಎಂಎಂ ಬೋಲ್ಟಿಗೆ ಕೊನೆಯ ಬಿಗಿತ 8ರಿಂದ 10 ನ್ಯೂಟನ್ ಮೀಟರ್, 13 ನಂಬರಿನ 8 ಎಂಎಂ ಬೋಲ್ಟಿಗೆ 15ರಿಂದ 20. ಟಾರ್ಕ್ ಸ್ಪ್ಯಾನರ್ ಇಲ್ಲದವರು ಉದ್ದ ಹಿಡಿಕೆ ಬಿಟ್ಟು ಚಿಕ್ಕ ರ‍್ಯಾಚೆಟ್ಟನ್ನು ತಲೆಯ ಹತ್ತಿರ ಹಿಡಿದು ಮಣಿಕಟ್ಟಿನ ಬಲದಲ್ಲಷ್ಟೇ ಬಿಗಿಯಲಿ. ಕಾರ್ಕ್ ಅಂಚಿನಿಂದ ಸಮನಾಗಿ, ತುಸುವೇ ಉಬ್ಬಿ ಕಂಡರೆ ಸಾಕು. ಬೋಲ್ಟಿನ ಬಳಿ ಮಾತ್ರ ಹಿಂಡಿ ಹೊರಬಂದಿದ್ದರೆ ಅತಿಯಾಗಿದೆ.

ಮೌಂಟಿಂಗ್ ಬಿಚ್ಚಿದ್ದರೆ ಇಂಜಿನ್ ಇಳಿಸಿ ನಟ್ ಬಿಗಿಯಿರಿ. ಡ್ರೈನ್ ನಟ್ಟಿಗೆ ಹೊಸ ತಾಮ್ರದ ವಾಷರ್, ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿನಲ್ಲಿ ಒಂದಿಷ್ಟು ಆಯಿಲ್.

ಆಯಿಲ್ ತುಂಬಿ ಓಡಿಸುವುದು

ಮೂಲೆಗೆ ಹಚ್ಚಿದ ಸಿಲಿಕಾನ್ ಒಣಗಲು ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಕೊಡಿ, 24 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, 5 ಲೀಟರ್ ಸುರಿದು, ಹತ್ತು ನಿಮಿಷ ಕಾದು, ಡಿಪ್‌ಸ್ಟಿಕ್ ನೋಡುತ್ತ ಮೇಲಿನ ಗೆರೆಯ ಹತ್ತಿರ ತನ್ನಿ. ಗೆರೆ ದಾಟಿಸಬೇಡಿ, ಹೆಚ್ಚಾದ ಎಣ್ಣೆಯನ್ನು ಕ್ರ್ಯಾಂಕ್ ನೊರೆ ಮಾಡುತ್ತದೆ, ಬ್ರೀದರಿನಿಂದ ಉಗುಳುತ್ತದೆ.

ಬ್ಯಾಟರಿ ಜೋಡಿಸಿ. ಇಂಜಿನ್ ಹತ್ತಿಸುವ ಮೊದಲು ಡೀಸೆಲ್ ಪಂಪಿನ ಸ್ಟಾಪ್ ಕೇಬಲ್ ಎಳೆದು ಹಿಡಿದು, ಅಥವಾ ಸೊಲಿನಾಯ್ಡ್ ತಂತಿ ತೆಗೆದು, 10 ಸೆಕೆಂಡಿನಂತೆ ಎರಡು-ಮೂರು ಸಲ ಸ್ಟಾರ್ಟರ್ ಹೊಡೆಯಿರಿ. ಖಾಲಿ ಫಿಲ್ಟರ್ ತುಂಬಿ ಆಯಿಲ್ ಒತ್ತಡ ಏರುತ್ತದೆ. ನಂತರ ಹತ್ತಿಸಿ. ಕೆಲವೇ ಸೆಕೆಂಡಿನಲ್ಲಿ ಕೆಂಪು ದೀಪ ಆರದಿದ್ದರೆ ತಕ್ಷಣ ನಿಲ್ಲಿಸಿ. ಆರಿದರೆ ಹತ್ತು ನಿಮಿಷ ನಿಧಾನ ಓಟದಲ್ಲಿ ಬಿಟ್ಟು ಅಂಚಿನ ಸುತ್ತ ಟಾರ್ಚ್ ಹಿಡಿದು ನೋಡಿ, ನಿಲ್ಲಿಸಿ, ಸ್ವಲ್ಪ ತಾಳಿ, ಫಿಲ್ಟರಿಗೆ ಹೋದಷ್ಟು ಆಯಿಲನ್ನು ಮೇಲಿಂದ ತುಂಬಿ.

ಕಾರ್ಕ್ ಪ್ಯಾಕಿಂಗ್ ಮೊದಲ ಬಿಸಿಗೆ ಕುಗ್ಗುತ್ತದೆ. ಇಂಜಿನ್ ಪೂರ್ತಿ ತಣಿದ ಮೇಲೆ ಅದೇ ಕ್ರಮದಲ್ಲಿ ಅದೇ ಟಾರ್ಕಿಗೆ ಒಂದೇ ಒಂದು ಸಲ ಬಿಗಿತ ನೋಡಿ. ಸಿಲಿಕಾನ್ ಮೇಲೆ ಮಾತ್ರ ಕೂತದ್ದನ್ನು, ಸ್ಟೀಲ್ ಬುಷ್‌ನ ರಬ್ಬರನ್ನು ಮತ್ತೆ ಬಿಗಿಯಬಾರದು, ಒಣಗಿದ ಸಿಲಿಕಾನ್ ಹರಿಯುತ್ತದೆ.

ಬಸಿದ ಹಳೇ ಆಯಿಲನ್ನು ಬೇಲಿ ಗೂಟಕ್ಕೆ ಬಳಿಯುವುದು, ಹಳ್ಳದ ಬದಿಗೆ ಚೆಲ್ಲುವುದು ಬೇಡ. ಮುಚ್ಚಳವಿರುವ ಅದೇ ಕ್ಯಾನಿಗೆ ತುಂಬಿಸಿ, ಹಳೇ ಆಯಿಲ್ ಒಟ್ಟುಮಾಡಿ ಮರುಬಳಕೆಗೆ ಕಳಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಡಿ. ಮೀನಿನ ಲೋಡ್ ಇಳಿಸಿದ ದಿನಗಳಲ್ಲಿ ಟ್ರೇ ತೊಳೆಯುವ ಸಿಹಿನೀರಿನ ಪೈಪನ್ನು ಎರಡು ನಿಮಿಷ ಗಾಡಿಯ ಅಡಿಗೂ ತಿರುಗಿಸಿದರೆ ಬೋಲ್ಟುಗಳು ಮುಂದಿನ ಸಲ ಮುರಿಯದೆ ಬಿಚ್ಚುತ್ತವೆ. ಮೊದಲ ಘಟ್ಟ ಹತ್ತಿ ಇಳಿದ ಮೇಲೆ ಡಿಪ್‌ಸ್ಟಿಕ್ ಒಮ್ಮೆ ನೋಡಿ, ಚೇಂಬರಿನ ಹಿಂದಿನ ಅಂಚನ್ನು ಬೆರಳಿನಲ್ಲಿ ಒರೆಸಿ ನೋಡಿ.